ಶ್ರುತಿ ಅಲುಗಿದರೆ ತಪ್ಪು ಯಾರದು?

‘ಒಪ್ಪಿಸು’ ಎಂಬ ನಮ್ಮ ಕ್ರಿಯಾಪದಕ್ಕೆ ಎರಡು ಕೆಲಸ. ಕೈಲಿರುವ ಒಡವೆಯನ್ನು ಇನ್ನೊಬ್ಬರಿಗೆ ಕೊಡುವುದೂ ಒಪ್ಪಿಸುವುದೇ, ಕಲಿತ ಮಗ್ಗಿಯನ್ನು ಮೇಷ್ಟರ ಮುಂದೆ ಹೇಳುವುದೂ ಒಪ್ಪಿಸುವುದೇ. ಒಡವೆ ಒಪ್ಪಿಸಿದರೆ ನನ್ನ ಕೈ ಬರಿದಾಗುತ್ತದೆ. ಮಗ್ಗಿ ಒಪ್ಪಿಸಿದರೆ ಅದು ಇಬ್ಬರಲ್ಲೂ ಉಳಿಯುತ್ತದೆ, ಹಾಗಾಗಿ ತಪ್ಪನ್ನು ಹಿಡಿಯಬಹುದು. ಕ್ವಾಂಟಂ ಸ್ಥಿತಿ ವಿಚಿತ್ರವಾದದ್ದು. ಅದು ಮಗ್ಗಿಯಂತೆ ಬರೀ ಮಾಹಿತಿ, ಆದರೆ ನಡೆದುಕೊಳ್ಳುವುದು ಒಡವೆಯಂತೆ. ಗೊತ್ತಿಲ್ಲದ ಸ್ಥಿತಿಯೊಂದರ ನಕಲು ತೆಗೆಯಲಾಗದು ಎಂದು ವುಟ್ಟರ್ಸ್ ಮತ್ತು ಜುರೆಕ್ 1982ರಲ್ಲಿ ತೋರಿಸಿದರು. ಒಂದೆಡೆಯಿಂದ ಇನ್ನೊಂದೆಡೆಗೆ ಹೋದರೆ ಮೂಲದಲ್ಲಿ ಅದು ಅಳಿದಿರಲೇಬೇಕು. ಹಾಗಿದ್ದರೆ ಸರಿಯಾಗಿ ತಲುಪಿತೆಂದು ಹೇಳುವವರು ಯಾರು?

ಇದು ಬರೀ ತರ್ಕದ ಆಟವಲ್ಲ. 2004ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ರೈನರ್ ಬ್ಲಾಟ್ ಅವರ ತಂಡ ನಿರ್ವಾತದಲ್ಲಿ, ವಿದ್ಯುತ್ ಕ್ಷೇತ್ರದ ಬೋನಿನಲ್ಲಿ ಹಿಡಿದಿಟ್ಟ ಕ್ಯಾಲ್ಸಿಯಂ ಅಯಾನುಗಳಲ್ಲಿ ಒಂದರ ಸ್ಥಿತಿಯನ್ನು ಇನ್ನೊಂದಕ್ಕೆ ದಾಟಿಸಿತು. ಅದೇ ವರ್ಷ ಅಮೆರಿಕದ ಬೋಲ್ಡರ್‌ನಲ್ಲಿ ಡೇವಿಡ್ ವೈನ್‌ಲ್ಯಾಂಡ್ ಅವರ ತಂಡ ಬೆರಿಲಿಯಂ ಅಯಾನುಗಳಲ್ಲಿ ಇದನ್ನೇ ಮಾಡಿತು. ಎಷ್ಟು ಚೆನ್ನಾಗಿ ದಾಟಿತು ಎಂಬುದರ ಅಳತೆಗೆ ಭೌತವಿಜ್ಞಾನಿಗಳು ‘ಫಿಡೆಲಿಟಿ’ ಎನ್ನುತ್ತಾರೆ. ದಾಂಪತ್ಯದ ನಿಷ್ಠೆಗೂ ಇಂಗ್ಲಿಷಿನಲ್ಲಿ ಅದೇ ಪದ. ಸ್ಥಿತಿಯನ್ನು ಅಳೆದು, ಕಂಡಷ್ಟನ್ನು ಬಾಯಲ್ಲಿ ಹೇಳಿ ಕಳಿಸಿದರೂ ಸರಾಸರಿ 2/3 ನಿಷ್ಠೆ ಸಿಗುತ್ತದೆ. ಅದಕ್ಕಿಂತ ಹೆಚ್ಚಾದರೆ ಮಾತ್ರ ನಿಜವಾಗಿ ಒಪ್ಪಿಸಿದಂತೆ. ಇನ್ಸ್‌ಬ್ರುಕ್‌ಗೆ ಸಿಕ್ಕಿದ್ದು ಸುಮಾರು 75%, ಬೋಲ್ಡರ್‌ಗೆ 78%.

ಕೊರತೆಗೆ ಕಾರಣಗಳು ಹಲವು. ಅವುಗಳಲ್ಲಿ ನನ್ನನ್ನು ಕಾಡುವುದು ಲೇಸರ್‌ನ ಕಂಪನ. ಇಂಥ ಕ್ಯಾಲ್ಸಿಯಂ ಪ್ರಯೋಗದಲ್ಲಿ ಸ್ಥಿತಿಯನ್ನು ಬರೆಯುವುದು, ಸಾಗಿಸುವುದು ಎಲ್ಲವೂ 729 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕಿನ ಮಿಡಿತಗಳಿಂದ. ಬೆಳಕಿನ ಪ್ರಖರತೆ ತುಸು ಏರಿದರೆ ಅಯಾನು ತಿರುಗಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತದೆ. ಇದು ಸರಳ, ಕೈ ನಡುಗಿದರೆ ಅಕ್ಷರ ಕೆಡುವ ಹಾಗೆ. ಸೂಕ್ಷ್ಮವಾದದ್ದು ಇನ್ನೊಂದು. ಸೆಕೆಂಡಿಗೆ ಸುಮಾರು 411 ಲಕ್ಷ ಕೋಟಿ ಸಲ ಏರಿಳಿಯುವ ಆ ತರಂಗದ ಲಯವೇ ಒಂದಿಷ್ಟು ಹಿಂದುಮುಂದಾಗುತ್ತದೆ. ಇದನ್ನು ಪ್ರಾವಸ್ಥೆಯ ಕಂಪನ ಎನ್ನಬಹುದು.

ತಂಬೂರಿಯನ್ನು ನೆನೆಸಿಕೊಳ್ಳಿ. ಗಾಯಕಿಯ ಸ್ವರ ಸರಿಯೋ ತಪ್ಪೋ ಎಂಬುದು ಶ್ರುತಿಗೆ ಹೋಲಿಸಿದಾಗಷ್ಟೇ ಗೊತ್ತಾಗುವುದು. ಕಛೇರಿಯಿಡೀ ಶ್ರುತಿ ಸ್ವಲ್ಪ ತಗ್ಗಿದ್ದರೂ ಯಾರ ತಪ್ಪೂ ಇಲ್ಲ. ನಡುವೆ ತಂತಿ ಸಡಿಲಗೊಂಡರೆ? ಹಾಡು ಅಲುಗದೆ ನಿಂತಿದ್ದರೂ ಅಪಸ್ವರವಾಗುತ್ತದೆ. ಅಯಾನಿನ ಪಾಲಿಗೆ ಲೇಸರ್ ಅಂಥ ಶ್ರುತಿ. ಕೆಟ್ಟದ್ದು ಸ್ಥಿತಿಯೋ ಲೇಸರೋ ಎಂದು ಆ ಪ್ರಯೋಗದ ಒಳಗಿನಿಂದಲೇ ಬೇರ್ಪಡಿಸಲು ಬಾರದು, ಕಾಣುವುದು ಎರಡರ ನಡುವಿನ ಅಂತರ ಮಾತ್ರ. ಮೇಲಾಗಿ, ತಲುಪಿದ್ದನ್ನು ಪರೀಕ್ಷಿಸುವುದೂ ಬರೆದ ಲೇಸರೇ. ಬರೆದದ್ದನ್ನು ಅದೇ ಬೆಳಕಿನಿಂದ ಹಿಂದಕ್ಕೆ ತಿರುಗಿಸಿ, ಅಯಾನು ಮೊದಲಿನ ಜಾಗಕ್ಕೆ ಮರಳಿತೇ ಎಂದು ನೋಡುತ್ತಾರೆ. ಸಾಕ್ಷಿ, ವಾಹಕ, ನ್ಯಾಯಾಧೀಶ ಮೂವರೂ ಒಬ್ಬನೇ!

ಹಾಗಾದರೆ ತಪ್ಪು ಯಾರದೂ ಅಲ್ಲ, ಎಲ್ಲವೂ ಸಾಪೇಕ್ಷ ಎಂದುಬಿಡೋಣವೇ? ಪರಂಪರೆಯ ಬಗ್ಗೆ ಮಾತಾಡುವಾಗ ಸಾಹಿತ್ಯದವರಾದ ನಾವು ಈ ಮಾತನ್ನು ಸುಲಭವಾಗಿ ಆಡುತ್ತೇವೆ. ಕೊಟ್ಟವರು ಸರಿ, ಪಡೆದವರೂ ಸರಿ, ಕಾಲ ಬದಲಾಯಿತು ಅಷ್ಟೇ ಎಂದು. ನನಗಿದು ಒಪ್ಪಿಗೆಯಿಲ್ಲ. ತಪ್ಪು ಸಂಬಂಧದಲ್ಲಿದೆ ಎಂದಮಾತ್ರಕ್ಕೆ ಹೊಣೆ ಆವಿಯಾಗುವುದಿಲ್ಲ, ಅದು ಶ್ರುತಿ ಹಿಡಿದವರ ಹೆಗಲಿಗೆ ಬರುತ್ತದೆ. ಪ್ರಯೋಗಾಲಯದವರು ಇದನ್ನು ಬಲ್ಲರು. ಎದುರುಬದುರು ಕನ್ನಡಿಗಳಿರುವ ಗಟ್ಟಿ ಗಾಜಿನ ಕುಹರವೊಂದನ್ನು ಅಲುಗದಂತೆ ಇರಿಸಿ, ಲೇಸರನ್ನು ಅದಕ್ಕೆ ಹೋಲಿಸುತ್ತ ಕ್ಷಣಕ್ಷಣವೂ ತಿದ್ದುತ್ತಾರೆ.

ಆ ತಿದ್ದುವಿಕೆಗೂ ಒಂದು ಮಿತಿಯಿದೆ. ತಿದ್ದುವ ಸರ್ಕ್ಯೂಟ್ ನಿಧಾನದ ಅಲುಗಾಟಗಳನ್ನು ಚೆನ್ನಾಗಿ ಅಡಗಿಸುತ್ತದೆ. ಅದರ ವೇಗ ಮೀರುವ ಕಡೆ ಮಾತ್ರ ತಿದ್ದುಪಡಿ ತಡವಾಗಿ ತಲುಪಿ, ಇದ್ದ ಕಂಪನಕ್ಕೆ ತನ್ನದನ್ನೂ ಸೇರಿಸುತ್ತದೆ. ರೋಹಿತದಲ್ಲಿ ಅದು ಒಂದು ಗುಬ್ಬಿಯಂತೆ ಎದ್ದು ಕಾಣುತ್ತದೆ. ಅಯಾನನ್ನು ನಿಧಾನವಾಗಿ ತಿರುಗಿಸಿದರೆ ಪ್ರಾವಸ್ಥೆ ಜಾರಲು ಹೆಚ್ಚು ಸಮಯ ಸಿಗುತ್ತದೆ. ಬೆಳಕು ಹೆಚ್ಚಿಸಿ ಅವಸರಿಸಿದರೆ ಅಯಾನು ತಿರುಗುವ ವೇಗ ನೇರ ಆ ಗುಬ್ಬಿಗೇ ಹೋಗಿ ತಾಗಬಹುದು.