ಹೊಳೆಯ ಹತ್ತಿರ ಮಗುವಿಗೆ ಏನು ಸಿಗುತ್ತದೆ?

ಮಕ್ಕಳನ್ನು ಹೊಳೆಗೆ, ಕಾಡಿಗೆ ಕರೆದುಕೊಂಡು ಹೋದರೆ ಮನೆಮಂದಿಯ ನಂಟು ಗಟ್ಟಿಯಾಗುತ್ತದೆ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಮೊಬೈಲ್ ಬಿಡಿಸಲು, ಏಕಾಗ್ರತೆ ಬೆಳೆಸಲು, ಮುನಿಸಿಕೊಂಡ ಮಗನ ಬಾಯಿ ಬಿಡಿಸಲು ನಿಸರ್ಗವನ್ನು ಕಷಾಯದ ಹಾಗೆ ಕುಡಿಸಲು ಹೊರಟಿದ್ದೇವೆ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಏಕೆಂದರೆ ಮೀನು ಹಿಡಿಯುವ ಕುಟುಂಬವೊಂದರ ಬಗ್ಗೆ ನಾನು ಓದಿರುವ ಅತ್ಯುತ್ತಮ ಪುಸ್ತಕವೇ ಈ ನಂಬಿಕೆಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ.

ನಾರ್ಮನ್ ಮೆಕ್ಲೀನ್ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ನಮ್ಮ ಚಿಕ್ಕಂದಿನಲ್ಲಿ ನಮಗೆ ಹೇಳುತ್ತಿದ್ದ ಕಥೆಗಳನ್ನು ಬರೆದಿಡಿ ಎಂದು ಅವರ ಮಕ್ಕಳೇ ಒತ್ತಾಯ ಮಾಡಿದ್ದರಿಂದ, ಎಪ್ಪತ್ತರ ಆಚೀಚೆಯ ವಯಸ್ಸಿನಲ್ಲಿ ಬರೆಯಲು ಕುಳಿತರು. ‘ಎ ರಿವರ್ ರನ್ಸ್ ಥ್ರೂ ಇಟ್’ 1976ರಲ್ಲಿ ಹೊರಬಂತು. ಅದು ಅವರದೇ ಮನೆಯ ಕಥೆ: ಅಮೆರಿಕದ ಮೊಂಟಾನಾದ ಮಿಸೌಲಾ ಊರು, ಪ್ರೆಸ್ಬಿಟೇರಿಯನ್ ಪಾದ್ರಿಯಾದ ತಂದೆ, ಇಬ್ಬರು ಗಂಡುಮಕ್ಕಳು, ಬಿಗ್ ಬ್ಲ್ಯಾಕ್‌ಫುಟ್ ನದಿ. ಗಾಳದ ದಾರ ಬೀಸುವುದನ್ನು ತಂದೆ ತಾಳ ಎಣಿಸುವ ಮೆಟ್ರೊನೋಮ್ ಇಟ್ಟು, ನಾಲ್ಕರ ಎಣಿಕೆಯಲ್ಲಿ ಕಲಿಸುತ್ತಾರೆ. ಒಳ್ಳೆಯದೆಲ್ಲ ಬರುವುದು ದೇವರ ಕೃಪೆಯಿಂದ, ಕೃಪೆ ಬರುವುದು ಕಲೆಯಿಂದ, ಕಲೆ ಸುಲಭಕ್ಕೆ ಒಲಿಯುವುದಿಲ್ಲ ಎಂಬುದು ಆ ಪಾದ್ರಿಯ ನಂಬಿಕೆ. ತಮ್ಮ ಪಾಲ್‌ನ ಕೈಯಲ್ಲಿ ಆ ಕಲೆ ಸಂಪೂರ್ಣವಾಗಿ ಅರಳಿತು. ಆದರೆ ನೀರಿನಿಂದ ಮೇಲೆ ಬಂದ ಪಾಲ್ ಕುಡಿತಕ್ಕೆ, ಜೂಜಿಗೆ ಬಿದ್ದವನು. ಅಪ್ಪನಾಗಲಿ ಅಣ್ಣನಾಗಲಿ ಅವನನ್ನು ಮುಟ್ಟಲಾರದೆ ಹೋದರು. 1938ರಲ್ಲಿ ಶಿಕಾಗೊದಲ್ಲಿ ಯಾರೋ ಅವನನ್ನು ಹೊಡೆದು ಕೊಂದರು, ಕೊಂದವರು ಸಿಗಲಿಲ್ಲ.

ಒಟ್ಟಿಗೆ ಮೀನು ಹಿಡಿದದ್ದು ಅವನನ್ನು ಉಳಿಸಲಿಲ್ಲ. ಹಾಗಿದ್ದರೆ ಆ ಹೊಳೆಯ ದಿನಗಳೆಲ್ಲ ವ್ಯರ್ಥವೇ? ಅಲ್ಲ ಎನ್ನುತ್ತೇನೆ. ಕಾರಣ ಹೇಳಬೇಕಾದರೆ ಅವರು ಮಾಡುತ್ತಿದ್ದ ಫ್ಲೈ ಫಿಶಿಂಗ್ ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಬೇಕು.

ನಮ್ಮ ಕೆರೆ ದಂಡೆಯಲ್ಲಿ ಎರೆಹುಳು ಚುಚ್ಚಿ ಗಾಳ ಇಳಿಬಿಟ್ಟು ಕೂರುವ ಕ್ರಮ ಬೇರೆ. ಫ್ಲೈ ಫಿಶಿಂಗ್‌ನಲ್ಲಿ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ನೀರ ಮೇಲಿನ ಹುಳದ ರೂಪ ಕೊಡುತ್ತಾರೆ. ಅದಕ್ಕೆ ತೂಕವೇ ಇಲ್ಲವೆನ್ನಬಹುದು. ಅದನ್ನು ದೂರಕ್ಕೆ ಒಯ್ಯುವುದು ಬೀಸುವ ದಾರದ ತೂಕ. ಯಾವ ಹುಳ ಕಟ್ಟಬೇಕೆಂಬುದು ಆ ಹೊತ್ತಿಗೆ ಆ ಹೊಳೆಯಲ್ಲಿ ಏನು ಹಾರುತ್ತಿದೆ, ಏನು ತೆವಳುತ್ತಿದೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಗಾಳ ಬೀಸುವ ಮೊದಲು ಬಗ್ಗಿ, ನೀರೊಳಗಿನ ಕಲ್ಲು ಎತ್ತಿ ನೋಡಬೇಕು. ಕಲ್ಲಿನ ಅಡಿಯಲ್ಲಿ ಕ್ಯಾಡಿಸ್ ಎಂಬ ಹುಳದ ಮರಿಗಳು ಮರಳ ಕಣಗಳನ್ನೋ ಕಡ್ಡಿಚೂರುಗಳನ್ನೋ ತಮ್ಮದೇ ರೇಷ್ಮೆಯಿಂದ ಅಂಟಿಸಿ ಮನೆ ಕಟ್ಟಿಕೊಂಡಿರುತ್ತವೆ. ಮೇಫ್ಲೈ ಎಂಬ ಇನ್ನೊಂದು ಹುಳದ ಮರಿ ತಿಂಗಳುಗಟ್ಟಲೆ ನೀರಿನಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಕೆಲವು ಗಂಟೆಯೋ ಒಂದೆರಡು ದಿನವೋ ಬದುಕುತ್ತದೆ. ಆಗ ಅದಕ್ಕೆ ತಿನ್ನಬಲ್ಲ ಬಾಯಿಯೂ ಇರುವುದಿಲ್ಲ.

ಐದು ವರ್ಷದ ಮಗುವಿಗೆ ದಾರ ಬೀಸಲು ಬಾರದು. ಕಲ್ಲು ಎತ್ತಲು ಬರುತ್ತದೆ, ದೊಡ್ಡವರಿಗಿಂತ ಚೆನ್ನಾಗಿ ಬರುತ್ತದೆ. ಅದರ ಕಣ್ಣು ನೆಲಕ್ಕೆ ಹತ್ತಿರ, ಅದಕ್ಕೆ ಅವಸರವೂ ಇಲ್ಲ. ಮನೆಯಲ್ಲಿ, ಶಾಲೆಯಲ್ಲಿ ಪ್ರಶ್ನೆ ಕೇಳುವ ದೊಡ್ಡವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಹೊಳೆಯಲ್ಲಿ ಹಾಗಲ್ಲ: ಇದು ಯಾವ ಹುಳ, ಆ ಸುಳಿಯಲ್ಲಿ ಮೀನು ಇದೆಯೇ ಎಂದರೆ ಅಪ್ಪನಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಇಬ್ಬರೂ ಒಂದೇ ಕಡೆ ನೋಡುತ್ತಾರೆ. ಲೇಖಕಿ ರೇಚಲ್ ಕಾರ್ಸನ್ 1956ರ ಪ್ರಬಂಧವೊಂದರಲ್ಲಿ, ಮಗುವಿನ ಬೆರಗು ಉಳಿಯಬೇಕಾದರೆ ಅದನ್ನು ಹಂಚಿಕೊಳ್ಳುವ ಒಬ್ಬ ದೊಡ್ಡವರಾದರೂ ಜೊತೆಗೆ ಬೇಕು ಎಂದು ವಾದಿಸಿದ್ದರು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ: ಆ ದೊಡ್ಡವರ ಅರಿಯದಿರುವಿಕೆಯೂ ಮಗುವಿಗೆ ಕಾಣಬೇಕು. ಪಾದ್ರಿ ತಂದೆಗೆ ನದಿ ಗೊತ್ತಿತ್ತು, ಬೈಬಲ್ ಗೊತ್ತಿತ್ತು, ಕಿರಿಮಗ ಮಾತ್ರ ಕೊನೆಯವರೆಗೂ ಅರ್ಥವಾಗಲಿಲ್ಲ. ಅರ್ಥವಾಗದವನ ಪಕ್ಕದಲ್ಲಿಯೇ ಪ್ರೀತಿಯಿಂದ ನಿಲ್ಲುವುದು ಅವರಿಗೆ ಸಾಧ್ಯವಾದದ್ದು ಆ ನೀರಿನಲ್ಲಿ. ತಂದೆತಾಯಿಗಳಿಗೆ ಬಹಳ ಸಲ ಉಳಿಯುವುದು ಅಷ್ಟೇ, ಮತ್ತು ಅದು ಕಡಿಮೆಯದಲ್ಲ.

ಆದರೆ ಕೊಕ್ಕೆಯ ಮಾತು ಆಡದೆ ಇದನ್ನೆಲ್ಲ ಹೇಳಿದರೆ ಅಪ್ರಾಮಾಣಿಕತೆ. ಟ್ರೌಟ್ ಮೀನಿನ ತಲೆ, ಮೂತಿಯ ಭಾಗದಲ್ಲಿ ಗಾಯವನ್ನು ಗ್ರಹಿಸುವ ನರತುದಿಗಳಿವೆ ಎಂದು 2003ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು. ಅದು ನಮ್ಮಂತೆಯೇ ನೋವು ಉಣ್ಣುತ್ತದೆಯೇ ಎಂಬ ಚರ್ಚೆ ಮುಗಿದಿಲ್ಲ. ಮೀನಿಗೆ ಏನೂ ಆಗುವುದಿಲ್ಲ ಕಂದಾ ಎಂದು ಮಗುವಿಗೆ ಹೇಳುವುದು ಮಾತ್ರ ಸುಳ್ಳು. ಹಿಡಿದು ಬಿಡುವವರು ಮುಳ್ಳಿಲ್ಲದ ಕೊಕ್ಕೆ ಬಳಸುತ್ತಾರೆ, ಕೈ ಒದ್ದೆ ಮಾಡಿಕೊಂಡೇ ಮುಟ್ಟುತ್ತಾರೆ; ಆದರೂ ಕೆಲವು ಸಾಯುತ್ತವೆ. ಮೊಂಟಾನಾದಲ್ಲಿ ಬೇಸಿಗೆಯ ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 23 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಧ್ಯಾಹ್ನ ಎರಡರ ನಂತರ ಮೀನು ಹಿಡಿಯುವುದನ್ನು ನಿಲ್ಲಿಸುವ ಕ್ರಮವಿದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ದಣಿದ ಟ್ರೌಟ್ ಚೇತರಿಸಿಕೊಳ್ಳುವುದು ಕಷ್ಟ. ನೀರು ಬಿಸಿಯಾಗಿದೆ, ಇವತ್ತು ಸಾಕು, ಮನೆಗೆ ಹೋಗೋಣ ಎಂದು ಅಪ್ಪ ಗಾಳ ಸುತ್ತಿಡುವುದನ್ನು ನೋಡಿದ ಮಗು, ಮೀನು ಹಿಡಿದ ಮಗುವಿಗಿಂತ ಹೆಚ್ಚು ಕಲಿತಿದೆ ಎಂದು ನನ್ನ ಎಣಿಕೆ.

ಕೊಕ್ಕೆಯೇ ಏಕೆ ಬೇಕು ಎಂದು ಶೃಂಗೇರಿ ನೋಡಿದವರು ಕೇಳಬಹುದು. ಅಲ್ಲಿ ತುಂಗೆಯ ಮೆಟ್ಟಿಲ ಮೇಲೆ ಮಕ್ಕಳು ಮಂಡಕ್ಕಿ ಎಸೆಯುತ್ತಾರೆ, ದೊಡ್ಡ ಮೀನುಗಳು ಮುತ್ತಿಕೊಳ್ಳುತ್ತವೆ, ಯಾರೂ ಅವನ್ನು ಹಿಡಿಯುವುದಿಲ್ಲ. ಆ ಅಭಯವನ್ನು ನಾನು ಗೌರವಿಸುತ್ತೇನೆ. ಆದರೆ ಅಲ್ಲಿ ಮೀನು ನಮ್ಮ ಬಳಿಗೆ ಬರುತ್ತದೆಯೇ ಹೊರತು ನಾವು ಮೀನಿನ ಬದುಕಿನೊಳಗೆ ಹೋಗುವುದಿಲ್ಲ; ಮಂಡಕ್ಕಿ ಇಲ್ಲದ ದಿನ ಅದು ಏನು ತಿನ್ನುತ್ತದೆ ಎಂದು ಮಗು ಕೇಳುವುದೇ ಇಲ್ಲ. ಫ್ಲೈ ಫಿಶಿಂಗ್‌ನ ನಿಜವಾದ ವಿದ್ಯೆ ಆ ಪ್ರಶ್ನೆಯಲ್ಲಿದೆ, ಕೊಕ್ಕೆಯಲ್ಲಿ ಅಲ್ಲ.

ಕಾವೇರಿಯ ಗೂನುಬೆನ್ನಿನ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. ನಮ್ಮ ಮಕ್ಕಳ ಕೈಗೆ ಅದನ್ನು ಹಿಡಿಯುವ ಗಾಳ ಬೇಡ. ಆದರೆ ಕ್ಯಾಡಿಸ್, ಮೇಫ್ಲೈಗಳು ಪಶ್ಚಿಮ ಘಟ್ಟದ ತೊರೆಗಳಲ್ಲೂ ಇವೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಕಣಕಾಲು ಮುಳುಗುವಷ್ಟು ಹರಿವಿರುವ ಕಡೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಒಂದು ಕಲ್ಲನ್ನು ಮೆಲ್ಲಗೆ ಎತ್ತಿ, ಜೊತೆಯಾಗಿ ನೋಡಿ, ಇದ್ದಂತೆಯೇ ಮರಳಿ ಇಡಿ. ಮಗು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಎಂದೇ ಹೇಳಿ.