ಧಾರೆ ಸೀರೆ

ಹೈದರಾಬಾದಿನ ಅಂಗಡಿಯಲ್ಲಿ ಕಂಚಿ ಸೀರೆಗಳನ್ನು ಹರವಿ ಕೂತಿದ್ದಾಗ ಮಗಳು, "ಅಪ್ಪಾ, ಧಾರೆಗೆ ರೇಷ್ಮೆ ಬೇಡ. ಹುಳ ಕೊಂದಿದ್ದನ್ನ ಉಟ್ಕೊಂಡು ಮಣೆ ಮೇಲೆ ಕೂರಲ್ಲ" ಅಂದುಬಿಟ್ಟಳು.

ನಾನೇನು ಹೇಳಲಿ? ನಮ್ಮದು ರಾಮನಗರದ ಕಡೆಯ ಹಳ್ಳಿ. ಹುಳು ಸೊಪ್ಪು ಮೇಯುವ ಸದ್ದು ರಾತ್ರಿಯೆಲ್ಲ ಜಡಿಮಳೆಯಂತೆ ಕೇಳುತ್ತಿತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಅಮ್ಮನಿಗೆ ನಿದ್ದೆಯೇ ಇಲ್ಲ. ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಆ ಗೂಡು ಮಾರಿದ ದುಡ್ಡೇ ನನ್ನ ಎಂ.ಕಾಂ. ಫೀಸು. ಚಿಟ್ಟೆ ಗೂಡು ಕೊರೆದರೆ ನೂರಾರು ಮೀಟರಿನ ಒಂದೇ ಎಳೆ ತುಂಡಾಗುತ್ತದೆ, ಅದಕ್ಕೇ ಮೊದಲೇ ಕುದಿನೀರು. ಆ ಕೆಲಸ ನೂಲು ಬಿಚ್ಚುವವರದು. ನಾವು ಗೂಡು ಮಾರಿ ಬಂದವರು. ಪಾಪ ಅವರ ಖಾತೆಗೆ, ಜಮೆ ನಮ್ಮ ಖಾತೆಗೆ! ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದವನು ಇದೊಂದನ್ನು ತಾಳೆ ಹಾಕಿರಲಿಲ್ಲ.

ಕೊನೆಗೆ ಹೈದರಾಬಾದಿನವರೇ ಆದ ಕುಸುಮ ರಾಜಯ್ಯ ರೂಢಿಗೆ ತಂದ ಅಹಿಂಸಾ ರೇಷ್ಮೆಗೆ ಬಂದೆವು. ಚಿಟ್ಟೆ ಹೊರಬಿದ್ದ ಮೇಲೆ ಗೂಡನ್ನು ಹತ್ತಿಯಂತೆ ನೂಲುತ್ತಾರೆ. ಬೆಲೆ ಜಾಸ್ತಿ, ಹೊಳಪು ಕಮ್ಮಿ.

"ಆ ಚಿಟ್ಟೆಗೆ ಹಾರೋಕೂ ಬರಲ್ಲ, ತಿನ್ನೋಕೂ ಬರಲ್ಲ ಕಣೇ. ಮೊಟ್ಟೆಯಿಟ್ಟು ನಾಲ್ಕಾರು ದಿನಕ್ಕೆ ಸಾಯುತ್ತೆ" ಅಂದೆ.

"ಆದ್ರೂ ಹೊರಗೆ ಬಂತಲ್ಲಪ್ಪಾ."

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ದುಡ್ಡು ಕೊಟ್ಟೆ.

ಊರಿನಲ್ಲಿ ತಮ್ಮ ಈಗಲೂ ಹುಳು ಸಾಕುತ್ತಾನೆ. ಮದುವೆಯ ಹಿಂದಿನ ದಿನ ಬಂದವನು ತಟ್ಟೆಯಲ್ಲಿದ್ದ ಸೀರೆಯ ಅಂಚನ್ನು ಬೆರಳಲ್ಲಿ ಉಜ್ಜಿ, "ಇದೇನಣ್ಣ, ಹೊಳಪೇ ಇಲ್ವಲ್ಲ. ಮೋಸ ಹೋದ್ಯಾ?" ಅಂದ.

"ಇಲ್ಲಿ ಹಿಂಗೇ ಸಿಗೋದು" ಅಂದೆ.