ಕಾಣದ ಎರಡು ಮುಖ

ದಸರಾ ರಜೆಯಲ್ಲಿ ಅವ್ವನನ್ನು ಮುಂಬೈ ನೋಡಲು ಕರೆದೊಯ್ದಿದ್ದೆ. ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚಿನಲ್ಲಿ ಒಂದು ತಾಸು, ಆಮೇಲೆ ಘಾರಾಪುರಿ, ಅಂದರೆ ಎಲಿಫೆಂಟಾ. ಗುಹೆಯೊಳಗೂ ಜಾತ್ರೆಯಷ್ಟು ಜನ. ಸದಾಶಿವನಿಗೆ ಬೆನ್ನು ಮಾಡಿ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವ್ವ ಚಪ್ಪಲಿ ಕಳಚಿ, ತಲೆಮೇಲೆ ಸೆರಗು ಹೊದ್ದು ನಿಂತಳು.

“ಸದಾಶಿವಗ ಐದು ಮುಖ ಅಂತಾರಲ್ಲೋ ತಮ್ಮಾ, ಇಲ್ಲಿ ಮೂರೇ ಅದಾವಲ್ಲ?”

ನಮ್ಮ ಎಡಕ್ಕೆ ಉಗ್ರ ಅಘೋರ, ಬಲಕ್ಕೆ ಕೋಮಲ ವಾಮದೇವ, ನಡುವೆ ಕಣ್ಣು ಮುಚ್ಚಿದ ತತ್ಪುರುಷ. ಹಿಂದಿನ ಸದ್ಯೋಜಾತ ಬಂಡೆಯೊಳಗೇ ಉಳಿದಿದ್ದಾನೆ. ಮೇಲಿನ ಈಶಾನ ಕಣ್ಣಿಗೆ ಸಿಗದವನು. ಹಾಗಾದರೆ ನಮಗಾದದ್ದು ಅರ್ಧ ದರ್ಶನವೆ? ನಾನು ಬೆಳಗಿನಿಂದ ಪಟ್ಟಿ ಹಿಡಿದು, ನೋಡಿದ್ದಕ್ಕೆಲ್ಲ ಗೀಟು ಹಾಕುತ್ತ ಬಂದಿದ್ದೆ. 6ನೇ ಶತಮಾನದ ಆ ಶಿಲ್ಪಿಗಳು ಕಾಣದ್ದನ್ನೂ ನಂಬಿ ಉಳಿ ಹಿಡಿದಿದ್ದರು ಅನ್ನಿಸಿ ಮೈ ಜುಮ್ಮೆಂದಿತು. ಪಟ್ಟಿಯನ್ನು ಮಡಚಿ ಜೇಬಿಗಿಟ್ಟೆ.

ಸಂಜೆ ಲೋಕಲ್ ರೈಲಿನಲ್ಲಿ ನನಗೆ ಕಂಡದ್ದು ಬರೀ ಬೆನ್ನುಗಳು, ಬೆವೆತ ಕತ್ತುಗಳು. ಇಷ್ಟು ಜನರಲ್ಲಿ ಒಬ್ಬರ ಮುಖವೂ ಪೂರ್ತಿ ಕಾಣದು. ಯಾರೋ ಹಿಂದಕ್ಕೆ ಕೈಚಾಚಿ ಅವ್ವನ ಚೀಲ ಇಸಿದುಕೊಂಡು ಮೇಲಿಟ್ಟರು, ತಿರುಗಲು ಜಾಗವಿರಲಿಲ್ಲ. ಆ ಬೆನ್ನಿಗೇ ಅವ್ವ ಕೈ ಮುಗಿದಳು.